‘ಅಂತ’ ಎಂಬ ಸಣ್ಣ ಪದ: ನಡುರಾತ್ರಿ ಕ್ಯಾಶ್ ಎಣಿಸುತ್ತಿದ್ದ ಮನಸ್ಸಿನ ಪ್ರಕರಣ

ಬೆಳಗಿನ ಜಾವ ಎರಡೂಮುಕ್ಕಾಲು. ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಪತ್ತಿನ ಸಹಕಾರ ಸಂಘದಲ್ಲಿ ಕ್ಯಾಷಿಯರ್ ಆಗಿರುವ 38 ವರ್ಷದ ಮಹಿಳೆ ಹಾಸಿಗೆಯಲ್ಲಿ ಮಲಗಿಕೊಂಡೇ ಹಿಂದಿನ ದಿನದ ಐನೂರರ ಕಟ್ಟುಗಳನ್ನು ಎಣಿಸುತ್ತಿದ್ದಾರೆ. ಆರನೇ ಕಟ್ಟನ್ನು ಮೆಷಿನ್‌ಗೆ ಹಾಕಿದ್ದೆನಾ, ಹಾಗೇ ರಬ್ಬರ್ ಬ್ಯಾಂಡ್ ಸುತ್ತಿದೆನಾ? ಚಿತ್ರ ಕಣ್ಣೆದುರು ಬರುತ್ತದೆ, ಆದರೆ ಅದು ನಿನ್ನೆಯದೋ ಮೊನ್ನೆಯದೋ ತಿಳಿಯುವುದಿಲ್ಲ. ಎದೆ ಢವಢವ. ಪಕ್ಕದಲ್ಲಿ ಮಲಗಿದ್ದ ಗಂಡ ಅರೆನಿದ್ದೆಯಲ್ಲಿ ಹೇಳುವುದು ಒಂದೇ ಮಾತು: “ಬಿಟ್ಟಾಕು ಮಾರಾಯ್ತಿ.”

ಇವರು ಒಬ್ಬ ವ್ಯಕ್ತಿಯಲ್ಲ. ಲೆಕ್ಕ, ಔಷಧಿ, ಪರೀಕ್ಷೆಯ ಅಂಕ ಹೀಗೆ ತಪ್ಪಾದರೆ ಉತ್ತರ ಹೇಳಬೇಕಾದ ಕೆಲಸಗಳಲ್ಲಿ ಇರುವವರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಪ್ರಕರಣ ಇದು. ಇಲ್ಲಿನ ಅಂಕಗಳು ಅಂಥ ಪ್ರಕರಣ ಸಾಗುವ ರೀತಿಯನ್ನು ತೋರಿಸಲು ಕೊಟ್ಟವು. ಯೋಚನೆಯನ್ನು ತಳ್ಳದೆ, ಬಂದದ್ದನ್ನು ಬಂದಂತೆ ಗಮನಿಸುವ ಮೈಂಡ್‌ಫುಲ್‌ನೆಸ್ ಎಂಬ ಅರಿವಿನ ಅಭ್ಯಾಸದ ವಿವರಗಳು ಮಾತ್ರ ಹಾಗೆಯೇ ಬಳಸಬಹುದಾದವು.

ಮಾರ್ಚ್‌ನಲ್ಲಿ ಆದದ್ದು

ವರ್ಷಾಂತ್ಯದ ಗಡಿಬಿಡಿಯಲ್ಲಿ ಒಂದು ಸಂಜೆ ಕ್ಯಾಶ್ 4,500 ರೂಪಾಯಿ ಕಡಿಮೆ ಬಂತು. ಮರುದಿನ ಬೆಳಿಗ್ಗೆ ಹಿರಿಯ ಗುಮಾಸ್ತರೊಬ್ಬರು ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಿದರು. ಶೇಷವಿಲ್ಲದೆ ಭಾಗವಾಯಿತು. ಸೊನ್ನೆ ಜಾರಿದರೆ ಬರುವ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ, ಹಾಗಾದರೆ ಎಲ್ಲೋ ಒಂದು ಸೊನ್ನೆ ಜಾರಿರಬಹುದು ಎಂದು ವೋಚರ್ ತೆಗೆಸಿದರು. 5,000 ಕೊಟ್ಟ ವೋಚರ್ 500 ಎಂದು ನಮೂದಾಗಿತ್ತು. ಇಪ್ಪತ್ತು ನಿಮಿಷದಲ್ಲಿ ಪುಸ್ತಕ ಸರಿಹೋಯಿತು, ಯಾರಿಗೂ ನಷ್ಟವಾಗಲಿಲ್ಲ.

ಪುಸ್ತಕ ಸರಿಹೋದರೂ ಮನಸ್ಸು ಸರಿಹೋಗಲಿಲ್ಲ. ಮರುವಾರದಿಂದ ಪ್ರತಿ ಕಟ್ಟನ್ನೂ ನಾಲ್ಕು ಸಲ ಎಣಿಸುವುದು, ಮನೆಗೆ ಬಂದ ಮೇಲೆ ಸಹೋದ್ಯೋಗಿಗೆ ಫೋನ್ ಮಾಡಿ “ಟ್ಯಾಲಿ ಆಗಿತ್ತಲ್ವಾ?” ಎಂದು ಕೇಳುವುದು ಶುರುವಾಯಿತು. ಮೇ ಹೊತ್ತಿಗೆ ಬೇರೆ ಚಿಂತೆಗಳೂ ಅದೇ ಬಾಗಿಲಿನಿಂದ ಒಳಗೆ ಬಂದವು. ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ, ಅತ್ತೆಯ ಸಕ್ಕರೆ ಕಾಯಿಲೆ, ಮಗಳ ದ್ವಿತೀಯ ಪಿಯುಸಿ. ಜೂನ್‌ನಲ್ಲಿ ಅವರು ಆಪ್ತಸಮಾಲೋಚಕಿಯ ಬಳಿಗೆ ಬಂದಾಗ ಹೇಳಿದ್ದು ಇಷ್ಟು: “ತಲೆ ಒಳಗೆ ಯಾರೋ ರೇಡಿಯೋ ಹಚ್ಚಿಟ್ಟು ಹೋಗಿದಾರೆ ಮೇಡಂ. ಆರಿಸೋಕೆ ಬಟನ್ನೇ ಸಿಗ್ತಿಲ್ಲ.”

ಉಸಿರಿಗೆ ಮೊದಲು ನೋಡಬೇಕಾದದ್ದು

ಮೊದಲ ಭೇಟಿಯಲ್ಲಿ ಧ್ಯಾನದ ಮಾತೇ ಬರಲಿಲ್ಲ, ಬರಲೂಬಾರದು. ಆತಂಕ ಅಳೆಯುವ ಜಿಎಡಿ-7 ಪ್ರಶ್ನಾವಳಿ ಕಳೆದ ಎರಡು ವಾರದ ಬಗ್ಗೆ ಏಳು ಪ್ರಶ್ನೆ ಕೇಳುತ್ತದೆ, ಒಟ್ಟು ಅಂಕ 21. ಐದರಿಂದ ಸೌಮ್ಯ, ಹತ್ತರಿಂದ ಮಧ್ಯಮ, ಹದಿನೈದರಿಂದ ತೀವ್ರ. ಇವರಿಗೆ ಬಂದದ್ದು 14. ಖಿನ್ನತೆಗೆ ಪಿಎಚ್‌ಕ್ಯೂ-9, ಅದರಲ್ಲಿ 27ಕ್ಕೆ 8. ಅದರ ಒಂಬತ್ತನೇ ಪ್ರಶ್ನೆ ಬದುಕು ಬೇಡವೆನಿಸುವುದರ ಬಗ್ಗೆ. ಅದನ್ನು ಹಾಳೆಯ ಮೇಲೆ ಬಿಟ್ಟುಬಿಡದೆ ಬಾಯಿಬಿಟ್ಟೂ ಕೇಳಲಾಯಿತು. ಉತ್ತರ ಸೊನ್ನೆ. ಒಂದು ಅಂಕ ಬಂದಿದ್ದರೂ ಮುಂದಿನ ದಾರಿ ಬೇರೆಯಾಗುತ್ತಿತ್ತು.

ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆಗೆ ಕಳಿಸಲಾಯಿತು. ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ, ರಕ್ತಹೀನತೆಯಲ್ಲೂ ಹಾಗೆಯೇ. ಅದನ್ನು ಬಿಟ್ಟು ಕಣ್ಣು ಮುಚ್ಚಿ ಕೂರಿಸಿದರೆ ದೇಹದ ಕಾಯಿಲೆಗೆ ಮನಸ್ಸನ್ನು ದೂರಿದಂತಾಗುತ್ತದೆ. ಇವರ ಹಿಮೋಗ್ಲೋಬಿನ್ 11.2 ಇತ್ತು, ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು. ಕಾಫಿ ದಿನಕ್ಕೆ ಐದು ಲೋಟ, ಕೊನೆಯದು ಸಂಜೆ ಆರೂವರೆಗೆ. ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ. ಮಲಗುವ ಹನ್ನೊಂದು ಗಂಟೆಗೂ ಆ ಲೋಟದ ಅರ್ಧ ಮೈಯಲ್ಲೇ ಇರುತ್ತಿತ್ತು. ಮಧ್ಯಾಹ್ನ ಎರಡರ ನಂತರ ಕಾಫಿ ಬೇಡ ಎಂಬುದು ಈ ಪ್ರಕರಣದ ಮೊದಲ ಚಿಕಿತ್ಸೆ.

ಇನ್ನೊಂದು ಪ್ರಶ್ನೆ ಹೆಚ್ಚು ಸೂಕ್ಷ್ಮದ್ದು. ಮತ್ತೆ ಮತ್ತೆ ಎಣಿಸುವುದು ಗೀಳು ಕಾಯಿಲೆಯ ಲಕ್ಷಣವೂ ಹೌದು. ಇವರಲ್ಲಿ ಎಣಿಕೆ ಕೌಂಟರ್‌ಗೆ ಮಾತ್ರ ಸೀಮಿತವಾಗಿತ್ತು. ಮನೆಯಲ್ಲಿ ಗ್ಯಾಸ್, ಬೀಗ, ಕೈತೊಳೆಯುವುದು ಯಾವುದರಲ್ಲೂ ಕಾಣಲಿಲ್ಲ. ಇಂತಿಷ್ಟೇ ಸಲ ಎಣಿಸದಿದ್ದರೆ ಕೇಡಾಗುತ್ತದೆಂಬ ಭಯವೂ ಇರಲಿಲ್ಲ. ಚಿಂತೆ ಒಂದು ವಿಷಯದಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಹಾಗಾಗಿ ಆತಂಕವೆಂದೇ ಹಿಡಿದು ಮುಂದುವರಿಯಲಾಯಿತು. ಗೀಳು ಇದ್ದಿದ್ದರೆ ಮೊದಲ ಆಯ್ಕೆ ಬೇರೆ ಚಿಕಿತ್ಸೆ: ಭಯ ಹುಟ್ಟಿಸುವುದನ್ನು ಎದುರಿಸಿ, ಪರೀಕ್ಷಿಸುವ ಕ್ರಿಯೆಯನ್ನು ತಡೆಹಿಡಿಯುವ ತರಬೇತಿ. ಗೀಳು ಇರುವವರ ಕೈಗೆ ಯೋಚನೆಗೆ ಹೆಸರಿಡುವ ಅಭ್ಯಾಸವನ್ನಷ್ಟೇ ಕೊಟ್ಟರೆ ಆ ಹೆಸರಿಡುವುದೇ ಹೊಸ ಗೀಳಾಗಿಬಿಡಬಹುದು.

ಒಂದು ವಾರದ ಬರಹ

ಮೊದಲ ವಾರ ಏನನ್ನೂ ಬದಲಿಸದೆ ಬರೆಯುವುದಷ್ಟೇ ಕೆಲಸ. ಸಂಘದ ಹಳೆಯ ಡೇ ಬುಕ್ಕಿನಂತೆಯೇ ಐದು ಅಂಕಣ: ಹೊತ್ತು, ಯೋಚನೆ ಬಂದ ಮಾತಿನಲ್ಲೇ, ಮೈಯಲ್ಲಿ ಎಲ್ಲಿ, ಏನು ಮಾಡಿದೆ, ಹತ್ತು ನಿಮಿಷದ ಬಳಿಕ ಹೇಗಿತ್ತು. ಎರಡನೇ ಅಂಕಣದಲ್ಲಿ ಹೆಚ್ಚಿನವರು ತಪ್ಪುತ್ತಾರೆ. “ಕೆಲಸದ ಟೆನ್ಷನ್” ಎಂದು ಬರೆದರೆ ಉಪಯೋಗವಿಲ್ಲ. ಅದು ಯೋಚನೆಯಲ್ಲ, ಯೋಚನೆಯ ಬಗ್ಗೆ ವರದಿ. “ಆರನೇ ಕಟ್ಟಲ್ಲಿ 99 ಇದ್ರೆ?” ಎಂದು ತಲೆಯಲ್ಲಿ ಕೇಳಿಸಿದಂತೆಯೇ ಬರೆಯಬೇಕು.

ವಾರದ ಕೊನೆಗೆ 41 ಸಾಲು. ಓದಿ ನೋಡಿದರೆ ಬೇರೆ ಬೇರೆ ಯೋಚನೆ ಆರು ಮಾತ್ರ. ಉಳಿದದ್ದು ಮೆಲುಕು. ಹಸು ಹುಲ್ಲನ್ನು ಮೆಲುಕು ಹಾಕಿದರೆ ಜೀರ್ಣವಾಗುತ್ತದೆ, ಈ ಮೆಲುಕಿನಲ್ಲಿ ಏನೂ ಕರಗುವುದಿಲ್ಲ. ಐದನೇ ಅಂಕಣ ಇನ್ನೂ ಮುಖ್ಯವಾದದ್ದನ್ನು ತೋರಿಸಿತು. ಸಹೋದ್ಯೋಗಿಗೆ ಫೋನ್ ಮಾಡಿದಾಗಲೆಲ್ಲ ಹತ್ತು ನಿಮಿಷ ಹಗುರ, ಆಮೇಲೆ ಹೊಸ ಪ್ರಶ್ನೆ: “ಅವ್ರು ನನ್ನ ಸಮಾಧಾನಕ್ಕೆ ಹಾಗಂದ್ರೆ?”

ನಾಲ್ಕು ಸಲ ಎಣಿಸುವುದರ ಕಥೆಯೂ ಅದೇ. 2003ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರಾದ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಡ್ಟ್ ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಜನರಿಂದ ಮತ್ತೆ ಮತ್ತೆ ಪರೀಕ್ಷಿಸಿ ನೋಡಿಸಿದರು. ಪರೀಕ್ಷಿಸಿದಷ್ಟೂ ನೆನಪು ಮಸುಕಾಯಿತು, ಆ ನೆನಪಿನ ಮೇಲಿನ ನಂಬಿಕೆ ಕುಸಿಯಿತು. ಕಾರಣ ಸರಳ. ನಾಲ್ಕು ಎಣಿಕೆಗಳು ಒಂದರ ಮೇಲೊಂದು ಕೂತು ಯಾವುದೂ ಬಿಡಿಯಾಗಿ ನೆನಪಿಗೆ ಬರುವುದಿಲ್ಲ. ರಾತ್ರಿ ಎರಡೂಮುಕ್ಕಾಲಿಗೆ ಆರನೇ ಕಟ್ಟಿನ ಚಿತ್ರ ಕಲಸಿಹೋಗುತ್ತಿದ್ದದ್ದು ಇದರಿಂದಲೇ. ಇದನ್ನು ಕೇಳಿ ಅವರಿಗೆ ಸಿಕ್ಕ ನೆಮ್ಮದಿ ದೊಡ್ಡದು. ತನಗೆ ಮರೆವಿನ ಕಾಯಿಲೆ ಶುರುವಾಯಿತೇನೋ ಎಂಬ ಹೆದರಿಕೆಯನ್ನು ಅವರು ಯಾರಿಗೂ ಹೇಳಿರಲಿಲ್ಲ.

ಗಂಡನ “ಬಿಟ್ಟಾಕು” ಏಕೆ ಫಲಿಸಲಿಲ್ಲ ಎಂಬುದಕ್ಕೂ ಉತ್ತರವಿದೆ. 1987ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವರಿಗೆ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ನಿಲ್ಲಲಿಲ್ಲ. ಆಮೇಲೆ ನೆನೆಯಲು ಬಿಟ್ಟಾಗ, ಮೊದಲು ತಡೆದಿದ್ದವರಿಗೆ ಕರಡಿ ಉಳಿದವರಿಗಿಂತ ಹೆಚ್ಚು ಸಲ ಬಂತು. ಒಂದು ಯೋಚನೆ ಒಳಗೆ ಬಂದಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು ಮನಸ್ಸು ಒಬ್ಬ ಕಾವಲುಗಾರನನ್ನು ನಿಲ್ಲಿಸಬೇಕು. ಆ ಕಾವಲುಗಾರ ಇಡೀ ಹೊತ್ತು ಅದೇ ಯೋಚನೆಯ ಮುಖವನ್ನು ನೆನೆಯುತ್ತ ನಿಲ್ಲಬೇಕು.

ಎಂಟು ವಾರ

ಎಂಟು ವಾರದ ಈ ಚೌಕಟ್ಟು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಜಿನ್ ಆರಂಭಿಸಿದ ಮೈಂಡ್‌ಫುಲ್‌ನೆಸ್ ತರಬೇತಿಯಿಂದ ಬಂದದ್ದು. ಅಲ್ಲಿ ಮನೆಪಾಠ ದಿನಕ್ಕೆ 45 ನಿಮಿಷ. ಬೆಳಿಗ್ಗೆ ಐದೂವರೆಗೆ ಎದ್ದು ಒಂಬತ್ತರೊಳಗೆ ತಿಂಡಿ, ಡಬ್ಬಿ, ಅತ್ತೆಯ ಇನ್ಸುಲಿನ್ ಮುಗಿಸುವವರಿಗೆ ಅಷ್ಟು ಹೇಳಿದರೆ ಮೂರನೇ ದಿನ ನಿಲ್ಲುತ್ತದೆ, ಜೊತೆಗೆ ‘ಇದೂ ನನ್ನಿಂದಾಗಲಿಲ್ಲ’ ಎಂಬ ಹೊಸ ಮೆಲುಕು ಸೇರುತ್ತದೆ. ಆದ್ದರಿಂದ ಎಂಟೇ ನಿಮಿಷ, ಒಲೆ ಹಚ್ಚುವ ಮೊದಲು, ಅಡುಗೆಮನೆಯಲ್ಲೇ. ದೇವರ ಮನೆಯಲ್ಲಿ ಕೂತರೆ ಏನು ಜಪ, ಯಾರು ಹೇಳಿಕೊಟ್ಟರು ಎಂಬ ಪ್ರಶ್ನೆಗಳು ಬರುತ್ತವೆ. ಪ್ಲಾಸ್ಟಿಕ್ ಕುರ್ಚಿ, ಬೆನ್ನು ಆನಿಸದೆ ನೇರ, ಬರಿಗಾಲು ನೆಲದ ಮೇಲೆ, ಕಣ್ಣು ಅರೆತೆರೆದು ಮೂರಡಿ ಮುಂದಿನ ನೆಲದತ್ತ. ಫೋನ್ ವೈಬ್ರೇಷನ್‌ನಲ್ಲಿ ಎಂಟು ನಿಮಿಷದ ಟೈಮರ್. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ನಂಬುವಂತಿಲ್ಲದ್ದರಿಂದ ಆಪ್‌ಗಳ ಗೊಡವೆಗೆ ಹೋಗಲಿಲ್ಲ.

ಉಸಿರು ಎಲ್ಲಿ ಸ್ಪಷ್ಟವಾಗಿ ತಿಳಿಯುತ್ತದೋ, ಮೂಗಿನ ತುದಿ, ಎದೆ, ಹೊಟ್ಟೆ, ಅಲ್ಲಿ ಗಮನ ಇಡಿ ಎಂಬುದು ಮಾಮೂಲಿ ಸೂಚನೆ. ಇವರಿಗೆ ಎದೆಯಲ್ಲಿ ತಿಳಿಯಿತು. ಮೂರು ದಿನದಲ್ಲೇ ಕೆಟ್ಟಿತು. ಗಮನ ಎದೆಗೆ ಹೋದೊಡನೆ ಬಿಗಿತ ಹೆಚ್ಚಾಗುತ್ತಿತ್ತು, ಅದನ್ನು ಸಡಿಲಿಸಲು ಉದ್ದುದ್ದ ಉಸಿರೆಳೆಯುತ್ತಿದ್ದರು, ಬೆರಳ ತುದಿ ಜುಮ್ಮೆನ್ನುತ್ತಿತ್ತು, ಹಾರ್ಟಿಗೇನೋ ಆಗಿದೆ ಎಂಬ ಏಳನೇ ಯೋಚನೆ ಹುಟ್ಟಿತು. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಜುಮ್ಮೆನಿಸುವಿಕೆ, ತಲೆ ಹಗುರಾಗುವುದು ಸಹಜ. ಆತಂಕ ಇರುವವರಿಗೆ ಉಸಿರೇ ಒಳ್ಳೆಯ ಆಸರೆ ಎಂದು ಎಲ್ಲರಿಗೂ ಒಂದೇ ಪಾಠ ಒಪ್ಪಿಸುವುದು ನಮ್ಮಲ್ಲಿ ತೀರ ಹೆಚ್ಚಾಗಿದೆ, ಅದರಿಂದ ಅಭ್ಯಾಸ ಬಿಟ್ಟವರು ಬಹಳ. ನಾಲ್ಕನೇ ದಿನದಿಂದ ಆಸರೆ ಅಂಗಾಲಿಗೆ ಇಳಿಯಿತು. ಕೆಂಪು ರೆಡ್ ಆಕ್ಸೈಡ್ ನೆಲದ ತಂಪು, ಹಿಮ್ಮಡಿಯ ಭಾರ, ಹೆಬ್ಬೆರಳಿನ ಒತ್ತಡ. ಉಸಿರು ತನ್ನ ಪಾಡಿಗೆ ಇರಲಿ.

ಇಲ್ಲೊಂದು ಬೆರಕೆ ಬಿಡಿಸಬೇಕು. ಎಣಿಸಿ ನಾಲ್ಕಕ್ಕೆ ಒಳಗೆ, ಆರಕ್ಕೆ ಹೊರಗೆ ಎಂದು ಉಸಿರು ನಿಧಾನಿಸುವುದು ಮೈ ತಣಿಸುವ ಉಪಾಯ. ಉಸಿರು ಹೊರಹೋಗುವಾಗ ನಾಡಿ ತುಸು ನಿಧಾನವಾಗುವುದರಿಂದ ಅದು ಕೆಲಸ ಮಾಡುತ್ತದೆ, ಕೌಂಟರ್‌ನಲ್ಲಿ ಕೈ ನಡುಗಿದಾಗ ಬಳಸಲು ಅಡ್ಡಿಯಿಲ್ಲ. ಅರಿವಿನ ಅಭ್ಯಾಸದಲ್ಲಿ ಏನನ್ನೂ ನಿಧಾನಿಸುವುದಿಲ್ಲ, ಇರುವುದನ್ನು ತಿಳಿಯುವುದಷ್ಟೆ. ಎಂಟು ನಿಮಿಷದಲ್ಲಿ ಮನಸ್ಸು ಮೂವತ್ತು ಸಲ ಓಡಿದರೆ ಮೂವತ್ತು ಸಲ ಮರಳಿ ಬರುವುದೇ ವ್ಯಾಯಾಮ. ಮೈಂಡ್‌ಫುಲ್‌ನೆಸ್‌ನ ಮೂಲಪದವಾದ ಪಾಳಿಯ ‘ಸತಿ’ ನಮ್ಮ ‘ಸ್ಮೃತಿ’ಯೇ. ಅದರಲ್ಲಿ ನೆನಪಿಸಿಕೊಳ್ಳುವ ಅರ್ಥವಿದೆ. ಎಲ್ಲಿದ್ದೇನೆ ಎಂದು ನೆನಪಾಗುವ ಆ ಕ್ಷಣ.

ಎರಡನೇ ವಾರ ಹೆಸರಿಡುವುದು. ಆರು ಯೋಚನೆಗಳಿಗೆ ನಾಲ್ಕು ಹೆಸರು ಸಾಕಾಯಿತು: ‘ಲೆಕ್ಕ’, ‘ತೋಟ’, ‘ಮನೆ’, ‘ಬೈಗುಳ’. ಕೊನೆಯದು ತನಗೆ ತಾನೇ ಬೈದುಕೊಳ್ಳುವುದಕ್ಕೆ. ಹೆಸರು ಹೆಚ್ಚಾದರೆ ಯಾವುದಕ್ಕೆ ಯಾವುದು ಎಂದು ಹುಡುಕುವುದೇ ಇನ್ನೊಂದು ಯೋಚನೆಯಾಗುತ್ತದೆ. ಒಮ್ಮೆ ಮನಸ್ಸಿನಲ್ಲೇ ಮೆಲ್ಲಗೆ ಹೇಳಿ, ಅಂಗಾಲಿಗೆ ಬರಬೇಕು. ಹೆಸರಿಗೆ ಒಂದು ಪಾಲು ಗಮನ, ಅನುಭವಕ್ಕೆ ಒಂಬತ್ತು ಪಾಲು. ಹೇಳುವ ದನಿ ಮಕ್ಕಳ ಹಾಜರಿ ಕರೆಯುವಂತೆ ಇರಬೇಕು, ಕಳ್ಳನನ್ನು ಹಿಡಿದಂತೆ ಅಲ್ಲ.

ಕೂತಲ್ಲಿ ಮಾತ್ರವಲ್ಲದೆ ದಿನವಿಡೀ ಬಳಸಲು ಕೊಟ್ಟದ್ದು ಒಂದು ಪದ, ‘ಅಂತ’. ಕನ್ನಡದಲ್ಲಿ ಯಾರದೇ ಮಾತನ್ನು ಇನ್ನೊಬ್ಬರಿಗೆ ದಾಟಿಸುವಾಗ ಕೊನೆಗೆ ‘ಅಂತ’ ಸೇರಿಸುತ್ತೇವೆ. ಸೇರಿಸಿದೊಡನೆ ಆ ಮಾತಿನ ಹೊಣೆ ನಮ್ಮದಲ್ಲ, ಕೇಳಿದ್ದನ್ನು ಹೇಳುತ್ತಿದ್ದೇವೆ ಅಷ್ಟೆ. ಅದನ್ನೇ ತಲೆಯೊಳಗಿನ ಮಾತಿಗೂ ಸೇರಿಸುವುದು. “ಆರನೇ ಕಟ್ಟು ತಪ್ಪಿದೆ” ಎನ್ನುವುದು ಸುದ್ದಿ, ಎದೆ ಹೊಡೆದುಕೊಳ್ಳುತ್ತದೆ. “ಆರನೇ ಕಟ್ಟು ತಪ್ಪಿದೆ ಅಂತ ಯೋಚನೆ ಬಂತು” ಎನ್ನುವುದು ನಡೆದ ಘಟನೆಯ ವರದಿ. ಯೋಚನೆ ಸುಳ್ಳೆಂದು ವಾದಿಸಿಲ್ಲ, ನಿಜವೆಂದು ಒಪ್ಪಿಯೂ ಇಲ್ಲ. ಯೋಚನೆಗೂ ಯೋಚಿಸುವವರಿಗೂ ನಡುವೆ ಅಂತರ ಮಾಡುವ ಈ ತಂತ್ರವನ್ನು ಎಸಿಟಿ (ಅಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ) ಎಂಬ ಚಿಕಿತ್ಸಾ ಪದ್ಧತಿಯವರು ಉದ್ದನೆಯ ವಾಕ್ಯಗಳಲ್ಲಿ ಕಲಿಸುತ್ತಾರೆ, ನಮ್ಮ ವ್ಯಾಕರಣದಲ್ಲಿ ಅದು ಎರಡಕ್ಷರಕ್ಕೆ ಸಿಗುತ್ತದೆ. ಪೂರ್ತಿ ವಾಕ್ಯ ಹೇಳಬೇಕು ಎಂಬುದೊಂದೇ ನಿಯಮ. ‘ಅಂತ’ ಎಂದಷ್ಟೇ ಹೇಳಿ ಮುಗಿಸಿದರೆ ಅದು ಮಂತ್ರವಾಗಿ ಸವೆಯುತ್ತದೆ.

ಪೊರಕೆಯಾದ ಅಭ್ಯಾಸ

ಮೂರನೇ ವಾರ ಅವರು ಬೇಸರದಿಂದ ಬಂದರು. “ಹೆಸರು ಇಟ್ಟೆ ಮೇಡಂ, ಹೋಗಲೇ ಇಲ್ಲ. ಮತ್ತೆ ಇಟ್ಟೆ, ಮತ್ತೆ ಹೋಗಲಿಲ್ಲ.” ಅಭ್ಯಾಸ ಪೊರಕೆಯಾಗಿತ್ತು. ಯೋಚನೆಯನ್ನು ಗುಡಿಸಿ ಹಾಕಲು ಹೆಸರಿಡುತ್ತಿದ್ದರು. ಅಂದರೆ ಬಿಳಿ ಕರಡಿಗೆ ಗಂಟೆ ಬಾರಿಸುವ ಕೆಲಸವೇ, ಹೊಸ ಉಡುಪಿನಲ್ಲಿ. ಈ ಹಂತ ಬಹುತೇಕ ಎಲ್ಲರಿಗೂ ಬರುತ್ತದೆ. ಅದನ್ನು ಮೊದಲೇ ಹೇಳಿಡದಿದ್ದರೆ ಬಿಟ್ಟು ಹೋಗುವುದು ಇಲ್ಲೇ.

ಪೊರಕೆಯೋ ಅಲ್ಲವೋ ತಿಳಿಯಲು ಒಂದು ಪ್ರಶ್ನೆ ಸಾಕು: ಈ ಯೋಚನೆ ಇನ್ನೂ ಹತ್ತು ನಿಮಿಷ ಇಲ್ಲೇ ಇದ್ದರೆ ನಡೆಯುತ್ತದೆಯೇ? ‘ಇಲ್ಲ’ ಎಂದು ಮೈ ಬಿಗಿದರೆ ತಳ್ಳುತ್ತಿದ್ದೇವೆ ಎಂದರ್ಥ. ಆಗ ಯೋಚನೆಯನ್ನು ಬಿಟ್ಟು ಆ ಬಿಗಿತಕ್ಕೆ ಹೋಗಬೇಕು. ಎಲ್ಲಿದೆ, ಎಷ್ಟಗಲ, ಅಂಚು ಎಲ್ಲಿ ಮುಗಿಯುತ್ತದೆ, ಬಿಸಿಯೋ ತಂಪೋ. ಅವರಿಗೆ ಅದು ಕೊರಳ ಕೆಳಗೆ, ಒಂದು ನಿಂಬೆಹಣ್ಣಿನಷ್ಟು. ಎದೆಯನ್ನು ಆಸರೆ ಮಾಡಿಕೊಂಡಾಗ ಆಗಿದ್ದ ತೊಂದರೆ ಈಗ ಆಗಲಿಲ್ಲ, ಏಕೆಂದರೆ ಒಂದು ಕಾಲು ಈಗ ದಡದಲ್ಲಿತ್ತು: ಅರ್ಧ ನಿಮಿಷ ಬಿಗಿತದಲ್ಲಿ, ಅರ್ಧ ನಿಮಿಷ ಅಂಗಾಲಿನಲ್ಲಿ.

ತಳ್ಳದೆ ಬಿಡುವುದು ಹೇಗಿರುತ್ತದೆಂದು ಮಾತಿನಲ್ಲಿ ತಿಳಿಸುವುದು ಕಷ್ಟ. ಅದಕ್ಕೆ ಜುಲೈ ಮಳೆಯನ್ನೇ ಬಳಸಲಾಯಿತು. ಐದು ನಿಮಿಷ ಹೆಂಚಿನ ಮೇಲಿನ ಮಳೆಯ ಸದ್ದು ಕೇಳುವುದು. ಹತ್ತಿರದ್ದು, ದೂರದ್ದು, ಸೂರಿನಿಂದ ಬೀಳುವುದು, ನಡುವೆ ಒಮ್ಮೆ ಬಸ್ಸಿನ ಹಾರ್ನ್. ಯಾವ ಸದ್ದನ್ನೂ ನಾವು ಕರೆಯುವುದಿಲ್ಲ, ಹೊರಗೆ ಹಾಕುವುದೂ ಇಲ್ಲ, ಬಂದು ತೀರುತ್ತವೆ. ಆಮೇಲೆ ಅದೇ ಕಿವಿಯಿಂದ ಎರಡು ನಿಮಿಷ ಯೋಚನೆಗಳನ್ನು ಕೇಳುವುದು. “ರೇಡಿಯೋ ಇದೆ, ಪಕ್ಕದ ಮನೇದು ಅನ್ನಿಸ್ತು” ಎಂದರು.

ಕೌಂಟರ್‌ನಲ್ಲಿ, ಸಂಜೆಯಲ್ಲಿ, ರಾತ್ರಿಯಲ್ಲಿ

ಎಣಿಕೆಗೆ ಒಂದು ಕಟ್ಟಳೆ ಬೇಕಿತ್ತು. ಕೌಂಟರ್ ಮುಚ್ಚಿ ಟ್ಯಾಲಿಗೆ ಕೂರುವ ಮೊದಲು ಮೂರು ನಿಮಿಷದ ನಿಲುಗಡೆ: ಮೊದಲ ನಿಮಿಷ ಈಗ ಏನಿದೆ ಎಂದು ನೋಡುವುದು, ಎರಡನೆಯದು ಅಂಗಾಲು, ಮೂರನೆಯದು ಇಡೀ ಮೈ. ನಂತರ ಪ್ರತಿ ಕಟ್ಟು ಮೆಷಿನ್‌ನಲ್ಲಿ ಒಮ್ಮೆ, ಕೈಯಲ್ಲಿ ಒಮ್ಮೆ. ಕೈಯಲ್ಲಿ ಎಣಿಸುವಾಗ ನೋಟಿನ ಒರಟು, ಹೆಬ್ಬೆರಳಿನ ಒದ್ದೆ, ನೂರನೆಯ ನೋಟು ಮಗುಚುವ ಸದ್ದು ಇವುಗಳಲ್ಲಿ ಗಮನ. ಕಟ್ಟಿನ ಪಟ್ಟಿಯ ಮೇಲೆ ಸಹಿ, ಯಾವ ನೋಟು ಎಷ್ಟು ಎಂದು ಬರೆಯುವ ಡಿನಾಮಿನೇಷನ್ ಚೀಟಿಗೆ ಇಬ್ಬರ ಸಹಿ, ತಿಜೋರಿಗೆ ಎರಡೂ ಕೀಲಿ. ಸಹಿ ಆದ ಕಟ್ಟನ್ನು ಮತ್ತೆ ಬಿಚ್ಚುವಂತಿಲ್ಲ. ನಾಲ್ಕರಿಂದ ಒಮ್ಮೆಲೇ ಎರಡಕ್ಕೆ ಇಳಿಸಲಿಲ್ಲ. ನಾಲ್ಕನೇ ವಾರ ಮೂರು, ಆರನೇ ವಾರ ಎರಡು. ಸಹೋದ್ಯೋಗಿಯ ಜೊತೆಗೂ ಮೊದಲೇ ಮಾತಾಗಿತ್ತು. ರಾತ್ರಿ ಫೋನ್ ಬಂದರೆ “ಆಗಿತ್ತು ಅಕ್ಕ” ಎನ್ನುವ ಬದಲು “ನಾಳೆ ಹೇಳ್ತೀನಿ ಅಕ್ಕ” ಎನ್ನಬೇಕು. ಆ ಹುಡುಗಿಗೆ ಇದು ಕಷ್ಟವಾಯಿತು, ಆದರೂ ಪಾಲಿಸಿದಳು.

ಚಿಂತೆಗೆ ಹೊತ್ತು ಗೊತ್ತುಮಾಡುವ ಕ್ರಮ 1980ರ ದಶಕದಿಂದ ಇದೆ, ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ದಿನಕ್ಕೆ ಅರ್ಧ ಗಂಟೆ ಹೇಳಿದ್ದರು. ಇಲ್ಲಿ ಸಂಜೆ ಆರೂವರೆಗೆ 20 ನಿಮಿಷ, ಜಗಲಿಯಲ್ಲಿ, ನೋಟ್‌ಬುಕ್ಕಿನೊಂದಿಗೆ. ಮಲಗುವ ಕೋಣೆಯಲ್ಲಿ ಬೇಡ, ಊಟದ ನಂತರವೂ ಬೇಡ. ಹಾಳೆಯ ನಡುವೆ ಗೆರೆ, ಎಡಕ್ಕೆ ‘ಕೆಲಸ’, ಬಲಕ್ಕೆ ‘ಮೆಲುಕು’. ನಾಳೆ ಇಷ್ಟು ಹೊತ್ತಿಗೆ ಕೈಯಿಂದ ಮಾಡಬಹುದಾದ ಒಂದು ಕೆಲಸ ಇದೆಯೇ ಎಂಬ ಪ್ರಶ್ನೆಯಿಂದ ಯಾವುದು ಎತ್ತ ಎಂದು ತೀರ್ಮಾನ. ತೋಟಗಾರಿಕೆ ಇಲಾಖೆಗೆ ಫೋನ್ ಮಾಡಿ ಸಿಂಪಡಣೆ ಕೇಳುವುದು ಎಡಕ್ಕೆ. ಇನ್ನೆರಡು ವರ್ಷದಲ್ಲಿ ತೋಟವೇ ಹೋದರೆ ಎಂಬುದು ಬಲಕ್ಕೆ. ಎಡಗಡೆಯದನ್ನು ಮಾಡಲೇಬೇಕು. ನಿಜವಾದ ಕೆಲಸಕ್ಕೆ ‘ಯೋಚನೆ’ ಎಂದು ಹೆಸರಿಟ್ಟು ಬಿಟ್ಟುಬಿಟ್ಟರೆ ಅದು ಮರುದಿನ ದೊಡ್ಡದಾಗಿ ಬರುತ್ತದೆ, ಬರುವುದು ನ್ಯಾಯವೂ ಹೌದು.

ರಾತ್ರಿ ಎಚ್ಚರವಾದರೆ ಗಡಿಯಾರ ನೋಡುವಂತಿಲ್ಲ. ‘ಅಂತ’ದ ಒಂದು ವಾಕ್ಯ, ಆಮೇಲೆ ಹಾಸಿಗೆಗೆ ತಾಗಿದ ಹಿಮ್ಮಡಿ, ಮೀನಖಂಡ, ಸೊಂಟ, ಭುಜ, ತಲೆಯ ಹಿಂಭಾಗ, ಒಂದೊಂದರ ಭಾರ. ನಿದ್ದೆ ಬರಲಿ ಎಂದು ಮಾಡಿದರೆ ಬರುವುದಿಲ್ಲ, ಅದೂ ಪೊರಕೆಯೇ. ಸುಮಾರು ಇಪ್ಪತ್ತು ನಿಮಿಷ ಎನಿಸಿದರೆ ಎದ್ದು, ಮಂದ ಬೆಳಕಿನಲ್ಲಿ ಕುರ್ಚಿಯಲ್ಲಿ ಕೂತು, ಫೋನ್ ಮುಟ್ಟದೆ, ತೂಕಡಿಕೆ ಬಂದ ಮೇಲೆಯೇ ಹಾಸಿಗೆಗೆ ಮರಳುವುದು.

ತಪ್ಪು ಹೆಸರು

ಐದನೇ ವಾರ ಹಬ್ಬದ ನೆಪದಲ್ಲಿ ನಾಲ್ಕು ದಿನ ತಪ್ಪಿತು. ಅದನ್ನು ತುಂಬಿಸಲು ಭಾನುವಾರ ಒಟ್ಟಿಗೆ ಅರ್ಧ ಗಂಟೆಗೂ ಮಿಗಿಲಾಗಿ ಕೂತರು. ಬಾಕಿ ತೀರಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆದರೆ ಆ ದಿನ ಕೂತಾಗ ಒಂದು ಸಂಗತಿ ಮೇಲೆ ಬಂತು. ‘ಲೆಕ್ಕ’ ಎಂದು ಹೆಸರಿಟ್ಟಾಗ ಕೊರಳ ನಿಂಬೆಹಣ್ಣು ಕದಲುತ್ತಲೇ ಇರಲಿಲ್ಲ. ಯೋಚನೆಯ ಹಿಂದೆ ಒಂದು ಚಿತ್ರ ಇತ್ತು: ಮಾರ್ಚ್‌ನ ಆ ಸಂಜೆ, ಕೌಂಟರ್ ಹೊರಗೆ ಏಳೆಂಟು ಸದಸ್ಯರು ನಿಂತಿರುವಾಗ, ಮೇಲಿನವರು ಗಟ್ಟಿಯಾಗಿ ಕೇಳಿದ್ದು, “ದುಡ್ಡು ಎಲ್ಲಿಗೆ ಹೋಯ್ತು?” ಅವರಿಗೆ ಅಳು ಬಂತು.

ಅಂಥ ಹೊತ್ತಿನಲ್ಲಿ ಅಭ್ಯಾಸ ಮುಂದುವರಿಸಬೇಕೆಂಬ ಹಟ ಬೇಡ. ಕಣ್ಣು ತೆರೆದು, ಎದ್ದು, ಮುಖ ತೊಳೆದು, ಯಾರೊಡನಾದರೂ ಮಾತಾಡಬಹುದು. ಅವರು ಅತ್ತೆಯ ಬಳಿ ಕೂತು ಬೀನ್ಸ್ ಮುರಿದರು. ಮರುಭೇಟಿಯಲ್ಲಿ ಹೆಸರು ಬದಲಾಯಿತು. ‘ಲೆಕ್ಕ’ ಅಲ್ಲ, ‘ಅವಮಾನ’. ಹೆಸರು ಸರಿಯಾಗಿದ್ದಾಗ ಮೈ ಅದಕ್ಕೆ ಓಗೊಡುತ್ತದೆ, ತಪ್ಪಿದ್ದಾಗ ಎಷ್ಟು ಕರೆದರೂ ತಿರುಗಿ ನೋಡುವುದಿಲ್ಲ. ನಾಲ್ಕು ಸಲ ಎಣಿಸುತ್ತಿದ್ದದ್ದು ದುಡ್ಡಿಗಾಗಿ ಅಲ್ಲ, ಆ ಪ್ರಶ್ನೆಯನ್ನು ಇನ್ನೊಮ್ಮೆ ಜನರ ಮುಂದೆ ಕೇಳಿಸಿಕೊಳ್ಳದಿರಲು. ಹಾಗೆಂದ ಮೇಲೆ ನೋಟ್‌ಬುಕ್ಕಿನ ಎಡಗಡೆ ಒಂದು ಕೆಲಸ ಸೇರಿತು: ಕ್ಯಾಶ್ ವ್ಯತ್ಯಾಸ ಬಂದರೆ ಒಳಕೋಣೆಯಲ್ಲಿ ಮಾತಾಡೋಣ ಎಂದು ಮೇಲಿನವರನ್ನು ಕೇಳುವುದು. ಕೇಳಲು ಹನ್ನೊಂದು ದಿನ ಹಿಡಿಯಿತು. ಅವರು “ಆಯ್ತಮ್ಮ” ಎಂದರು. ಕ್ಷಮೆ ಕೇಳಲಿಲ್ಲ. ಅನ್ಯಾಯವನ್ನು ಮೌನವಾಗಿ ನುಂಗಲು ಮೈಂಡ್‌ಫುಲ್‌ನೆಸ್ ಬಳಸುವುದು ಆ ಅಭ್ಯಾಸದ ದುರುಪಯೋಗ. ಕೆಲಸದ ಜಾಗದಲ್ಲಿ ಅದನ್ನು ಹಾಗೆ ಹಂಚುವುದನ್ನು ಕಂಡಾಗ ಸಿಟ್ಟು ಬರುವುದು ಸರಿಯೇ.

ಯಾರಿಗೆ ಬೇಡ

ಇತ್ತೀಚೆಗೆ ಭೀಕರ ಆಘಾತ ಕಂಡವರು ಕಣ್ಣು ಮುಚ್ಚಿ ಕೂತರೆ ಆ ದೃಶ್ಯಗಳು ನುಗ್ಗಿಬರಬಹುದು. ಇಲ್ಲದ ದನಿ ಕೇಳುವವರು, ತೀವ್ರ ಖಿನ್ನತೆಯಲ್ಲಿ ಹಾಸಿಗೆ ಹಿಡಿದವರು, ಸಾಯುವ ಯೋಚನೆ ಇರುವವರು ಇದನ್ನು ಒಬ್ಬರೇ ಶುರುಮಾಡಬಾರದು, ಮೊದಲು ವೈದ್ಯರು. ಅಭ್ಯಾಸ ಮಾಡುವಾಗ ತನ್ನ ಮೈ ತನ್ನದಲ್ಲ ಎನಿಸಿದರೆ, ದಿನದಿನಕ್ಕೆ ನಿದ್ದೆ ಇನ್ನೂ ಕೆಟ್ಟರೆ ನಿಲ್ಲಿಸಬೇಕು. ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದರ ನೆಚ್ಚಿಕೆಯಲ್ಲಿ ಮಾತ್ರೆ ಬಿಡಬಾರದು. ಟೆಲಿ-ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಬೇಕಿಲ್ಲ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಏರ್ಪಾಡು ಇದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ ಎಂದು ವಿಚಾರಿಸಿಕೊಳ್ಳಿ.

ಸೆಪ್ಟೆಂಬರ್ 30

ಎಂಟನೇ ವಾರದ ಕೊನೆಗೆ ಜಿಎಡಿ-7ರಲ್ಲಿ 7. ನಡುರಾತ್ರಿ ಎಚ್ಚರವಾಗುವುದು ವಾರಕ್ಕೆ ಐದರಿಂದ ಎರಡಕ್ಕೆ ಇಳಿದಿತ್ತು. ಫೋನ್ ಕರೆ ನಿಂತಿತ್ತು. ಯೋಚನೆಗಳು ಅವೇ ಆರು, ಒಂದೂ ಕಡಿಮೆಯಾಗಿರಲಿಲ್ಲ. ಬರುವ ಸಲವೂ ಅಷ್ಟೇನೂ ಇಳಿದಿರಲಿಲ್ಲ. ಬಂದದ್ದು ಉಳಿಯುವ ಹೊತ್ತು ಇಳಿದಿತ್ತು.

ಅರ್ಧವಾರ್ಷಿಕ ಲೆಕ್ಕ ಮುಗಿಸುವ ದಿನ ಕ್ಯಾಶ್ 90 ರೂಪಾಯಿ ಕಡಿಮೆ ಬಂತು. ಕೈ ನಡುಗಿತು. ಅಂಗಾಲನ್ನು ನೆಲಕ್ಕೊತ್ತಿ, ಉಸಿರು ಮೂರು ಸಲ ನಿಧಾನವಾಗಿ ಬಿಟ್ಟು, 90 ಒಂಬತ್ತರಿಂದ ಭಾಗವಾಗುತ್ತದೆ ಎಂದು ಕಂಡುಕೊಂಡರು. ನೂರು ರೂಪಾಯಿಯ ಪಾವತಿ ಹತ್ತು ಎಂದು ನಮೂದಾಗಿತ್ತು. ತಿದ್ದಿ, ಸಹಿ ಹಾಕಿ, ಬೀಗ ಹಾಕಿದರು. ಆ ರಾತ್ರಿ ಎಚ್ಚರವಾಯಿತು. ಎಷ್ಟು ಗಂಟೆಗೆ ಎಂದು ಮುಂದಿನ ಭೇಟಿಯಲ್ಲಿ ಕೇಳಿದಾಗ ಅವರಿಗೆ ಗೊತ್ತಿರಲಿಲ್ಲ, ಗಡಿಯಾರ ನೋಡಿರಲಿಲ್ಲ. ಗಂಡ ಪಕ್ಕದಲ್ಲಿ ಹೊರಳಿ “ಏನಾಯ್ತೇ?” ಎಂದರಂತೆ. “ಕ್ಯಾಶ್ ತಪ್ಪಿದೆ ಅಂತ ಯೋಚನೆ ಬಂತು, ಮಲ್ಕೊಳ್ಳಿ” ಎಂದು ಹೇಳಿ ಇವರು ಹಿಮ್ಮಡಿಯ ಭಾರವನ್ನು ನೋಡುತ್ತ ಮಲಗಿದರಂತೆ.